ದೀಪ ಹಚ್ಚುವ ಮೊದಲು ಮನೆ ಸೇರುವವರು

ನಾನು ಚಿಕ್ಕವಳಿದ್ದಾಗ ನನ್ನಮ್ಮ, ನಮ್ಮ ಬಾಯಲ್ಲಿ ಆಯಿ, ನನ್ನನ್ನು ಬೈಯುವಾಗಲೆಲ್ಲ ಒಂದು ಊರಿನ ಹೆಸರು ಎತ್ತುತ್ತಿದ್ದಳು. ನಮ್ಮದು ಕದ್ವಾಡ. ಸಂಜೆ ಕಾಳಿ ನದಿಯ ದಂಡೆಗೆ ಹೋಗಿ ಕೆಸರಿನಲ್ಲಿ ಬಳಚಿನ ಚಿಪ್ಪು ಹೆಕ್ಕುತ್ತ ಕೂತರೆ ನನಗೆ ಕತ್ತಲಾದದ್ದೇ ಗೊತ್ತಾಗುತ್ತಿರಲಿಲ್ಲ. ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ಅಂಗಳಕ್ಕೆ ಬಂದರೆ ಆಯಿ ತುಳಸಿಕಟ್ಟೆಯ ಹತ್ತಿರ ಕಾಯುತ್ತ ನಿಂತಿರುತ್ತಿದ್ದಳು. “ಅಂಕೋಲೆ ಬದಿಯ ಆ ಊರಿನ ಹೆಣ್ಮಕ್ಕಳ ನೋಡಿ ಕಲಿ. ದೀಪ ಹಚ್ಚಿದ ಮೇಲೆ ಹೊಸ್ತಿಲು ದಾಟೂದಿಲ್ಲ ಅವು. ನೀ ಒಬ್ಳು ಹುಟ್ಟಿದ್ಯಲ್ಲೇ, ಕತ್ತಲೆಲಿ ತಿರ್ಗೂಕೆ!”

ಆ ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹಿಲ್ಲೂರಿನ ರಸ್ತೆ ಹಿಡಿದು ಎಲ್ಲೋ ಒಳಗೆ ಹೋಗಬೇಕು ಎಂದುಕೊಳ್ಳಿ. ಅದನ್ನೂ ಸ್ವಲ್ಪ ತಿರುಚಿ ಹೇಳಿದ್ದೇನೆ, ಹುಡುಕಿಕೊಂಡು ಹೋಗಬೇಡಿ.

ನೋಡದೆಯೇ ನನಗೆ ಆ ಊರಿನ ಮೇಲೆ ಸಿಟ್ಟಿತ್ತು. ಎಲ್ಲರ ಮನೆಯಲ್ಲೂ ಒಂದು ಹಾಳು ಮಾದರಿ ಇರುತ್ತದಲ್ಲ, ಪಕ್ಕದ ಮನೆಯ ಜಾಣ ಮಗಳೋ, ಸೋದರತ್ತೆಯ ಮಗಳೋ. ನನ್ನ ಪಾಲಿಗೆ ಒಂದಿಡೀ ಊರೇ ಬಂದಿತ್ತು. ಆ ಊರಿನ ಹೆಣ್ಣೆಂದರೆ ಹಿಂದೆಮುಂದೆ ವಿಚಾರಿಸದೆ ತರಬಹುದು ಎಂದು ಗಂಡಿನ ಕಡೆಯವರು ಮಾತಾಡಿಕೊಳ್ಳುತ್ತಿದ್ದರು. ಆ ಊರಿನವರು ಹೊರಗೆ ಹೆಣ್ಣು ಕೊಡುತ್ತಿದ್ದದ್ದೇ ಕಡಿಮೆ. ಹೆಚ್ಚಿನ ಮದುವೆಗಳು ಊರೊಳಗೇ, ಸೋದರಮಾವನಿಗೋ ಅತ್ತೆಯ ಮಗನಿಗೋ ಆಗಿಹೋಗುತ್ತಿದ್ದವು. ಅಪರೂಪಕ್ಕೆ ಹೊರಗೆ ಬಂದ ಸೊಸೆ ಸಂಜೆಯಾದರೆ ಒಳಗೇ ಕೂರುತ್ತಿದ್ದಳು. ನೆರೆಹೊರೆಯ ಸೊಸೆಯಂದಿರು ಅವಳನ್ನು ಶಪಿಸುತ್ತಿದ್ದರು.

ನಾನು ಓದಿ ಕಣ್ಣಿನ ಡಾಕ್ಟರಾದೆ. ಆಯಿ ಅಷ್ಟು ಹೊತ್ತಿಗೆ ಇರಲಿಲ್ಲ. ಹುಬ್ಬಳ್ಳಿಗೆ ಹಾಸ್ಟೆಲಿಗೆ ಹೊರಟಾಗ ನನ್ನ ಟ್ರಂಕು ಹೊತ್ತು ಬಸ್ಸಿಗೇರಿಸಿದವಳು ಅಕ್ಕ. ನನಗಿಂತ ಬಹಳ ದೊಡ್ಡವಳು, ಬೇಗ ಶಾಲೆ ಬಿಟ್ಟವಳು, ಕದ್ವಾಡದಲ್ಲೇ ಮದುವೆಯಾಗಿ ಗದ್ದೆ ಮಾಡಿಕೊಂಡು ಇದ್ದವಳು. ಕಣ್ಣಿನ ಒಳಪರದೆಯ ರೋಗಗಳನ್ನು ದೂರದ ಊರೊಂದರಲ್ಲಿ ಕಲಿತು ನಾನು ಕಾರವಾರದ ಆಸ್ಪತ್ರೆಗೆ ಸೇರಿದೆ. ಒಂದೆರಡು ವರ್ಷ ಅನುಭವ ಪಡೆದು ಮತ್ತೆ ದೊಡ್ಡ ಊರಿಗೆ ಹೋಗಿ ಸಂಶೋಧನೆ ಮಾಡುವ ಲೆಕ್ಕ ಇತ್ತು. ಮನುಷ್ಯ ಹಾಕುವ ಲೆಕ್ಕಕ್ಕೆ ದೇವರು ನಗುತ್ತಾನಂತೆ. ಈ ಸಲ ಅವನು ನಕ್ಕದ್ದು ಹಿಲ್ಲೂರಿನ ಕಡೆಯಿಂದ.

ಕಣ್ಣಿಗೆ ಪೊರೆ ಬಂದಿದೆ ಎಂದು ಒಬ್ಬ ನಡುವಯಸ್ಸಿನ ಗಂಡಸು ಬಂದ. ಹನಿ ಹಾಕಿ, ಪಾಪೆ ಅರಳಿದ ಮೇಲೆ ಒಳಗೆ ನೋಡಿದೆ. ಪೊರೆ ಸ್ವಲ್ಪ ಇತ್ತು. ಅದರ ಹಿಂದೆ, ಒಳಪರದೆಯ ಅಂಚಿಗೆ ಸುತ್ತಲೂ, ಕರಿ ಎಳ್ಳು ಚೆಲ್ಲಿದ ಹಾಗೆ ಕಪ್ಪು ಚುಕ್ಕೆಗಳು. ಪುಸ್ತಕದ ಚಿತ್ರಕ್ಕೆ ಅವನೇ ಕೂತು ಕೊಟ್ಟಂತಿತ್ತು. “ಸಂಜೆ ಮೇಲೆ ಕಾಣ್ತದಾ?” ಎಂದು ಕೇಳಿದೆ. ಅವನು ಮುಖ ಗಂಟು ಹಾಕಿದ. “ಸಂಜೆ ಮೇಲೆ ನಮ್ಮ ಬದಿಗೆ ಯಾರೂ ಹೊರಗೆ ಹೋಗೂದಿಲ್ಲ ಅಕ್ಕೋರೆ. ಅದು ನಮ್ಮ ಪದ್ಧತಿ.” ಗಂಡಸರೂ ಹೋಗುವುದಿಲ್ಲವೇ ಎಂದೆ. ಇಲ್ಲ ಎಂದ. ಯಕ್ಷಗಾನದ ಆಟ ನೋಡಲಿಕ್ಕೂ? “ಆಟ ಎಂತಕೆ? ನಮಗೆ ಆಟ ಸೇರೂದಿಲ್ಲ.”

ಈ ಜಿಲ್ಲೆಯಲ್ಲಿ ಯಕ್ಷಗಾನ ಸೇರದ ಒಂದಿಡೀ ಊರು! ಯಾವ ಊರು ಎಂದು ಕೇಳಿದೆ. ಅವನು ಹೆಸರು ಹೇಳಿದ ಕೂಡಲೇ ಆಯಿಯ ಬೈಗುಳವೆಲ್ಲ ಒಟ್ಟಿಗೆ ಕಿವಿಗೆ ಬಂತು. ನಾನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದೆ. ನಗು ಬಂತು. ಸಂಸ್ಕಾರ ಎಂದು ಕರಾವಳಿಯೆಲ್ಲ ಹೊಗಳಿದ್ದು ಇರುಳುಗುರುಡನ್ನು.

ರೋಗ ಇಷ್ಟೇ. ಮಂದ ಬೆಳಕಿನಲ್ಲಿ ನೋಡಲೆಂದು ಒಳಪರದೆಯಲ್ಲಿ ಇರುವ ಜೀವಕಣಗಳು ಒಂದೊಂದಾಗಿ ಸಾಯುತ್ತ ಹೋಗುತ್ತವೆ. ಮೊದಲು ಸಂಜೆ ಹೋಗುತ್ತದೆ. ಆಮೇಲೆ ಬದಿಗಳು ಹೋಗುತ್ತವೆ. ನಟ್ಟನಡುವಿನ ನೋಟ ಬಹಳ ಕಾಲ ಉಳಿಯುತ್ತದೆ, ಹಾಗಾಗಿ ಹಗಲಿನಲ್ಲಿ ಅಕ್ಕಿ ಆರಿಸಬಹುದು, ಓದಬಹುದು, ಯಾರಿಗೂ ಅನುಮಾನ ಬರುವುದಿಲ್ಲ. ರಕ್ತಸಂಬಂಧದಲ್ಲೇ ಮದುವೆ ನಡೆಯುವ ಮನೆತನಗಳಲ್ಲಿ ಇದು ಹೆಚ್ಚು. ಮದ್ದಿಲ್ಲ.

ಅಂಥ ಊರು ಒಬ್ಬ ಸಂಶೋಧಕಿಗೆ ಸಿಗುವುದು ಯಾವ ಪುಣ್ಯವೋ ಎಂದು ನನ್ನ ಗುರುಗಳು ಫೋನಿನಲ್ಲಿ ಹೇಳಿದರು. ನಾನೂ ಹಾಗೆಯೇ ಅಂದುಕೊಂಡೆ. ಎಲ್ಲರ ಕಣ್ಣು ನೋಡಿ, ಎಲ್ಲರ ರಕ್ತ ತೆಗೆದು, ಯಾರಿಗೆ ಯಾರಿಂದ ಬಂತು ಎಂದು ವಂಶವೃಕ್ಷ ಬರೆದು, ದೋಷ ಯಾವ ಜೀನಿನಲ್ಲಿದೆ ಎಂದು ಹುಡುಕಬೇಕು. ಅದಕ್ಕೆ ಊರು ಒಪ್ಪಬೇಕು.

ಊರಿನ ಹಿರಿಯ ಒಬ್ಬ ಅಜ್ಜ. ತೆಳ್ಳಗೆ, ನೆಟ್ಟಗೆ. ಅವನ ಕಣ್ಣು ಚೆನ್ನಾಗಿತ್ತು, ಹೆಂಡತಿಯದು ಪೂರ್ತಿ ಹೋಗಿತ್ತು. ನಾನು ತಂದ ಒಪ್ಪಿಗೆಯ ಕಾಗದಗಳನ್ನು ಅವನು ಮಡಚಿ ನನ್ನ ಕೈಗೇ ಕೊಟ್ಟ. “ಕಾಗದ ನಿಮಗೆ. ನಮಗೆ ದೇವರ ಕೇಳ್ಬೇಕು.”

ನಮ್ಮ ಕಡೆ ದೇವರನ್ನು ಕೇಳುವುದೆಂದರೆ ಪ್ರಸಾದ ಕೇಳುವುದು. ಹೂವಿನ ಎಸಳನ್ನು ನೀರಲ್ಲಿ ಅದ್ದಿ ದೇವರ ಕಲ್ಲಿಗೆ ಎಡಕ್ಕೂ ಬಲಕ್ಕೂ ಹಚ್ಚುತ್ತಾರೆ. ಪ್ರಶ್ನೆ ಹೇಳುತ್ತಾರೆ. ಬಲದ ಎಸಳು ಮೊದಲು ಬಿದ್ದರೆ ಹೌದು, ಎಡದ್ದು ಬಿದ್ದರೆ ಇಲ್ಲ. ಆಸ್ಪತ್ರೆಯ ನೈತಿಕ ಸಮಿತಿ ನನ್ನನ್ನು ಅಷ್ಟು ಹೊತ್ತು ನಿಲ್ಲಿಸಿರಲಿಲ್ಲ. “ಈ ಡಾಕ್ಟರಿಗೆ ರಕ್ತ ಕೊಡಬಹುದಾ?” ಬಲದ್ದು ಬಿತ್ತು. ನಾನು ಹೊರಡಲು ಚೀಲ ಎತ್ತಿಕೊಂಡೆ. ಅಜ್ಜ ಕೈ ಅಡ್ಡ ಹಿಡಿದ. “ಮಾತು ಊರು ಬಿಟ್ಟು ಹೊರಗೆ ಹೋಗೂದಿಲ್ಲ ಅಲ್ಲಾ?” ಎಂದು ಎರಡನೆಯ ಪ್ರಶ್ನೆ. ಎಸಳು ಎರಡೂ ಅಂಟಿಕೊಂಡೇ ಇದ್ದವು. ಕಾದೆವು. ಬೀಳಲಿಲ್ಲ.

“ದೇವರಿಗೆ ಅನುಮಾನ ಅದೆ,” ಎಂದ ಅಜ್ಜ. ಹಾಗಾದರೆ ಆಣೆ ಮಾಡಬೇಕು. ಒಂದು ತೆಂಗಿನಕಾಯಿ ತಂದು ನನ್ನ ಕೈಗೆ ಕೊಟ್ಟರು. ಅದನ್ನು ದೇವರ ಮುಂದಿಟ್ಟು, ಈ ಊರಿನ ಯಾರ ಕಣ್ಣಿನ ವಿಷಯವನ್ನೂ ಅವರು ಹೇಳದೆ ಯಾರಿಗೂ ತಿಳಿಸುವುದಿಲ್ಲ ಎಂದೆ. ಅಜ್ಜ ಕೇಳಿದ, “ನಿಮ್ಮ ಮನೆಯೋರ ಹತ್ರನೂ?” ಕದ್ವಾಡ ದೂರವಲ್ಲ ಎಂದು ಅವನಿಗೆ ಗೊತ್ತಿತ್ತು. ನಾನು ನಕ್ಕುಬಿಟ್ಟೆ. ನಮ್ಮ ಮನೆಯವರಿಗೆ ಇವರ ಕಣ್ಣು ಕಟ್ಟಿಕೊಂಡು ಏನಾಗಬೇಕು? “ಮನೆಯವರ ಹತ್ತಿರವೂ ಇಲ್ಲ” ಎಂದೆ. ಡಾಕ್ಟರಾಗಿ ಅದು ಹೇಗೂ ನನ್ನ ಧರ್ಮ. ಕಾಯಿ ಒಂದು ಹೆಚ್ಚುವರಿ ಎಂದು ಆಗ ಅನಿಸಿತ್ತು.

ಹಾಗೆ ನನ್ನ ಸಂಶೋಧನೆ ಶುರುವಾಯಿತು. ಹೊರಗಿನವರಿಗೆ ಅದು ಕಣ್ಣಿನ ಪೊರೆಯ ಶಿಬಿರ. ಬಿಡುವಿದ್ದಾಗಲೆಲ್ಲ ಅಂಕೋಲೆಗೆ ಬಸ್ಸು ಹತ್ತಿ, ಅಲ್ಲಿಂದ ಒಳಗೆ ಹೋಗಿ, ಯಾರದೋ ಜಗಲಿಯ ಕೋಣೆಗೆ ಕಂಬಳಿ ಕಟ್ಟಿ ಕತ್ತಲೆ ಮಾಡಿ, ತಲೆಗೆ ದೀಪ ಬಿಗಿದುಕೊಂಡು ಕಣ್ಣು ನೋಡುತ್ತಿದ್ದೆ. ವರ್ಷಗಳು ಹೋದವು. ರಕ್ತದ ಮಾದರಿಗಳು ದೊಡ್ಡ ಊರಿಗೆ ಹೋದವು. ಜೀನು ಸಿಕ್ಕಿತು. ಊರಿನ, ಜನರ ಹೆಸರಿಲ್ಲದೆ ನನ್ನ ಲೇಖನ ಹೊರಗೆ ಬಂತು, ನಾಲ್ಕು ಜನ ಹೊಗಳಿದರು. ಊರಿನವರು ಪ್ರತಿ ಸಲ ಕೇಳುವುದು ಒಂದೇ ಮಾತು, “ಮದ್ದು ಬಂತಾ ಅಕ್ಕೋರೆ?” ಹೆಸರು ಸಿಕ್ಕಿದೆ, ಮದ್ದು ಸಿಕ್ಕಿಲ್ಲ ಎಂದು ಹೇಳಿ ಹೇಳಿ ನನ್ನ ನಾಲಿಗೆಗೇ ನಾಚಿಕೆಯಾಯಿತು.

ದೊಡ್ಡ ಸಂಸ್ಥೆಯೊಂದರಿಂದ ಕರೆ ಬಂತು. ನೀವು ಇಲ್ಲಿಗೆ ಬನ್ನಿ, ಊರನ್ನು ನೋಡಿಕೊಳ್ಳಲು ಬೇರೆ ಯಾರನ್ನಾದರೂ ಕಳಿಸೋಣ ಎಂದರು. ಅಜ್ಜನನ್ನು ಕೇಳಿದೆ. “ಕಾಯಿ ಇಟ್ಟೋರು ನೀವು. ಬೇರೆಯೋರು ಬಂದ್ರೆ ಬಾಗ್ಲು ಹಾಕ್ಕಂತೇವು.” ಅಷ್ಟೇ. ಮದ್ದು ಎಂದಾದರೂ ಬಂದರೆ ಈ ಊರಿನವರಿಗೆ ಮೊದಲು ಸಿಗಬೇಕಾದರೆ ಪ್ರತಿ ವರ್ಷ ಇವರ ಕಣ್ಣಿನ ಅಳತೆ ತೆಗೆಯಲೇಬೇಕು, ತೆಗೆಯುವವಳು ನಾನೇ ಆಗಬೇಕು. ನಾನು ಎಲ್ಲೂ ಹೋಗಲಿಲ್ಲ. ಕಟ್ಟಿಹಾಕಿದ ಎಮ್ಮೆಗೆ ಗೂಟದ ಸುತ್ತ ಒಂದಿಷ್ಟು ಹುಲ್ಲು ಇರುತ್ತದಲ್ಲ, ನನ್ನ ಸಂಶೋಧನೆ ಅಷ್ಟು ಜಾಗದಲ್ಲಿ ಮೇಯುತ್ತಿತ್ತು. ತಿಂದದ್ದು ಕಡಿಮೆ ಎಂದು ನಾನು ಹೇಳುವುದಿಲ್ಲ. ಹಗ್ಗ ಮಾತ್ರ ಮರೆಯಲಿಲ್ಲ.

ಅಜ್ಜನ ಮೊಮ್ಮಗಳು ಒಬ್ಬಳಿದ್ದಳು. ನಾನು ಮೊದಲು ಹೋದಾಗ ಎರಡು ಜಡೆಯ ಹುಡುಗಿ. ಕುರುಡಿ ಅಜ್ಜಿಯ ಪಕ್ಕ ಜಗಲಿಯಲ್ಲಿ ಕೂತು ಹಳೆಯ ಪೇಪರು, ವಾರಪತ್ರಿಕೆ, ಕೊನೆಗೆ ಗೊಬ್ಬರದ ಚೀಲದ ಮೇಲಿನ ಅಕ್ಷರವನ್ನೂ ಗಟ್ಟಿಯಾಗಿ ಓದುತ್ತಿದ್ದಳು. ಅಜ್ಜಿಗೆ ಕಥೆ ಬೇಕು, ಏನಿದ್ದರೂ ಸರಿ. ಆ ಹುಡುಗಿ ಅಂಕೋಲೆಯಲ್ಲಿ ಕಾಲೇಜು ಓದುತ್ತಿದ್ದಾಗ ಒಂದು ದಿನ ತಾನೇ ಕಾರವಾರಕ್ಕೆ ಬಂದಳು. ಸಂಜೆ ಬಸ್ಸಿನಿಂದ ಇಳಿಯುವಾಗ ಮೆಟ್ಟಿಲು ಕಾಣದೆ ಬಿದ್ದಿದ್ದಳು. ಪರೀಕ್ಷೆಗಳನ್ನೆಲ್ಲ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳು ಅಳಲಿಲ್ಲ. “ಓದೂಕೆ ಎಲ್ಲಿತನಕ ಆಗ್ತದೆ?” ಎಂದು ಕೇಳಿದಳು. ಬಹಳ ವರ್ಷ ಆಗಬಹುದು, ಖಂಡಿತವಾಗಿ ಹೇಳಲಾರೆ ಎಂದೆ. “ಹಂಗಾರೆ ಅಜ್ಜಿ ಪುಣ್ಯ,” ಎಂದು ನಕ್ಕಳು. ಅವಳನ್ನು ನಾನು ಬಹಳ ಹಚ್ಚಿಕೊಂಡಿದ್ದೆ.

ಇನ್ನೊಂದು ಮಾತು ಹೇಳಲೇಬೇಕು. ಜೀನು ಸಿಕ್ಕ ಮೇಲೆ ಊರಿನವರನ್ನೆಲ್ಲ ಕೂರಿಸಿಕೊಂಡು, ಊರೊಳಗೇ ಮದುವೆ ಮಾಡುತ್ತ ಹೋದರೆ ಇದು ಮುಗಿಯುವುದಿಲ್ಲ, ಹೊರಗೆ ಕೊಡಿ, ಹೊರಗಿನಿಂದ ತನ್ನಿ, ಮಕ್ಕಳಿಗೆ ಬರುವ ಸಂಭವ ತೀರ ಕಡಿಮೆಯಾಗುತ್ತದೆ ಎಂದು ಹೇಳಿದವಳು ನಾನು. ಚಿತ್ರ ಬರೆದು ತೋರಿಸಿ ಹೇಳಿದ್ದೆ. ಅಜ್ಜ ಎಲ್ಲರಿಗಿಂತ ಗಮನವಿಟ್ಟು ಕೇಳಿದ್ದ.

ಅಕ್ಕ ಭಾನುವಾರದ ಸಂತೆಗೆ ಕಾರವಾರಕ್ಕೆ ಬಂದರೆ ಸಂತೆ ಮುಗಿಸಿ ನನ್ನ ಮನೆಗೆ ಬರುವುದು ರೂಢಿ. ಬರುವಾಗ ಗದ್ದೆ ಬದುವಿನ ಹರಿವೆಯನ್ನೋ ಬಳಚನ್ನೋ ತಂದು, ನನ್ನ ಅಡುಗೆಮನೆಯನ್ನು ಬೈದು, ತಾನೇ ಅಡುಗೆ ಮಾಡಿ ಊಟ ಹಾಕಿ, ಮಧ್ಯಾಹ್ನ ನೆಲದ ಮೇಲೆ ಒಂದು ಜೊಂಪು ಮಲಗಿ ಹೋಗುತ್ತಿದ್ದಳು. ವಾರವಿಡೀ ಡಾಕ್ಟರಾಗಿದ್ದು ನಾನು ಆ ಒಂದು ಮಧ್ಯಾಹ್ನ ತಂಗಿಯಾಗುತ್ತಿದ್ದೆ. ಅವಳಿಗೆ ಒಬ್ಬನೇ ಮಗ, ಬಂದರಿನಲ್ಲಿ ವೆಲ್ಡಿಂಗ್ ಕೆಲಸ, ಮಾತು ಕಡಿಮೆ. ನನ್ನನ್ನು ಮಾವಶಿ ಎನ್ನುತ್ತಾನೆ. ಅವನಿಗೆ ಹೆಣ್ಣು ಹುಡುಕುತ್ತಿದ್ದಳು.

ಒಂದು ಭಾನುವಾರ ಬಾಗಿಲಲ್ಲೇ ಕೂಗಿದಳು. “ಹೆಣ್ಣು ಸಿಕ್ತು ಮಾರಾಯ್ತಿ! ಯಾವೂರು ಹೇಳು ನೋಡ್ವಾ?” ನಾನು ಮೀನು ತೊಳೆಯುತ್ತಿದ್ದೆ. ಅವಳೇ ಊರಿನ ಹೆಸರು ಹೇಳಿದಳು. “ಈಗ ಅವರು ಹೊರಗೂ ಕೊಡ್ತ್ರಂತೆ. ದೀಪ ಹಚ್ಚಿದ ಮೇಲೆ ಹೊಸ್ತಿಲು ದಾಟದ ಹೆಣ್ಣು, ಈ ಕಾಲದಲ್ಲಿ! ಆಯಿ ಇದ್ದಿದ್ರೆ ಕುಣೀತಿತ್ತು.” ಮೊಬೈಲು ನನ್ನ ಮುಖದ ಹತ್ತಿರ ಹಿಡಿದಳು. ಗೊಬ್ಬರದ ಚೀಲ ಓದುತ್ತಿದ್ದ ಹುಡುಗಿ, ಹಸಿರು ಸೀರೆ ಉಟ್ಟು, ನನ್ನನ್ನೇ ನೋಡುತ್ತಿದ್ದಳು.

“ನೀ ಶಿಬಿರಕ್ಕೆ ಹೇಳಿ ಆ ಊರಿಗೆ ಹೋಗಿ ಬರ್ತ್ಯಲ್ಲಾ. ಈ ಮನೆ ಗುತ್ತಿದ್ಯಾ? ಹುಡುಗಿ ಹೆಂಗೆ?”

ಕೈ ಮೀನಿನ ನೀರಿನಲ್ಲೇ ಇತ್ತು. ಗೊತ್ತಿಲ್ಲ ಎಂದರೆ ಸುಳ್ಳು. ಆ ಊರಿನವರ ವಿಷಯ ನಾನು ಮಾತಾಡುವಂತಿಲ್ಲ ಎಂದರೆ ಹೇಳಿದ ಹಾಗೆಯೇ. ಕಣ್ಣಿನ ಡಾಕ್ಟರು ಒಂದು ಹೆಣ್ಣಿನ ಬಗ್ಗೆ ಮಾತಾಡುವುದಿಲ್ಲ ಎಂದರೆ ಕದ್ವಾಡಕ್ಕೆ ಅಷ್ಟು ಸಾಕು. ವಾರದೊಳಗೆ ಅಂಕೋಲೆಗೂ ಮುಟ್ಟುತ್ತದೆ. ಆ ಹುಡುಗಿಯ ಮದುವೆಯಷ್ಟೇ ಅಲ್ಲ, ಊರಿನ ಎಲ್ಲ ಹೆಣ್ಣುಮಕ್ಕಳ ಮದುವೆಯೂ ಅಲ್ಲಿಗೆ ಮುಗಿಯಿತು. ಹೇಳಿದರೆ ಹುಡುಗಿ ಹಾಳು, ಹೇಳದಿದ್ದರೆ ಅಕ್ಕನಿಗೆ ಮೋಸ.

“ಹುಡುಗಿ ಒಳ್ಳೆದು,” ಎಂದೆ. ಅದು ನಿಜವಾಗಿತ್ತು.

“ಅಷ್ಟು ಸಾಕು,” ಎಂದಳು ಅಕ್ಕ. “ನೀ ಹೇಳಿದ ಮೇಲೆ ಮತ್ತೆಂತ ವಿಚಾರಿಸೂದು?” ಮೊಬೈಲು ಸೆರಗಿಗೆ ಒರೆಸಿ ಚೀಲಕ್ಕೆ ಹಾಕಿದಳು.

ಹುಡುಗಿಯನ್ನು ತಪಾಸಣೆಗೆಂದು ಕರೆಸಿದೆ. ಬಾಗಿಲು ಹಾಕಿ, ಮದುವೆಯಾಗುವ ಹುಡುಗನಿಗೆ ನಿನ್ನ ಕಣ್ಣಿನ ವಿಷಯ ನೀನೇ ಹೇಳಬೇಕು ಎಂದೆ. “ನೀವೇ ಹೇಳಿ ಅಕ್ಕೋರೆ, ನಿಮ್ಮ ಮನೆಯಂವ ಅಲ್ಲ?” ಎಂದಳು. ನೀನು ಅಪ್ಪಣೆ ಕೊಟ್ಟರೂ ಅವನಿಗೆ ಅದು ನಿನ್ನ ಬಾಯಿಂದಲೇ ಬರಬೇಕು ಎಂದೆ. ಅವಳು ಕೈಚೀಲದ ಜಿಪ್ಪು ಎಳೆದು ಮುಚ್ಚಿದಳು. “ಅಂವ ಬ್ಯಾಡ ಹೇಳಿದ್ರೆ? ಎಂತಕೆ ಬ್ಯಾಡ ಹೇಳಿ ಊರೆಲ್ಲ ಕೇಳ್ತದೆ. ನನ್ನ ಹಿಂದೆ ತಂಗಿ ಅದೆ. ಅದರ ಕಣ್ಣು ಸಮ ಅದೆ, ನಿಮಗೇ ಗುತ್ತು. ಅದ್ನೂ ಯಾರೂ ತಕ್ಕಣೂದಿಲ್ಲ.” ಆದರೂ ಹೇಳು ಎಂದೆ. “ನೋಡ್ತೆ,” ಎಂದು ಎದ್ದು ಹೋದಳು.

ನೋಡ್ತೆ! ನಮ್ಮ ಜಿಲ್ಲೆಯಲ್ಲಿ 'ನೋಡ್ತೆ' ಎಂದರೆ ಹೌದೂ ಆಗಬಹುದು, ಇಲ್ಲವೂ ಆಗಬಹುದು, ಇನ್ನು ಈ ಮಾತು ಎತ್ತಬೇಡಿ ಎಂದೂ ಆಗಬಹುದು.

ಹೆಣ್ಣು ನೋಡಲು ನನ್ನನ್ನೂ ಎಳೆದುಕೊಂಡು ಹೋದರು. ಬೆಳಿಗ್ಗೆಯೇ ಬರಬೇಕು ಎಂದು ಅವರ ಕಡೆಯಿಂದ ಹೇಳಿ ಕಳಿಸಿದ್ದರು. “ಹೊತ್ತು ಮುಳುಗಿದ ಮೇಲೆ ಹೆಣ್ಣು ತೋರ್ಸೂದಿಲ್ಲಂತೆ, ಎಂಥ ಕ್ರಮ ನೋಡು,” ಎಂದು ಅಕ್ಕ ಟೆಂಪೋದಲ್ಲಿ ದಾರಿಯುದ್ದಕ್ಕೂ ಹೇಳಿದಳು. ಹುಡುಗಿ ಒಳಗಿನ ಕತ್ತಲೆಯಿಂದ ಚಹದ ತಟ್ಟೆ ಹಿಡಿದು ಬಂದವಳು ಹೊಸ್ತಿಲ ಹತ್ತಿರ ನಿಂತುಬಿಟ್ಟಳು. ಜಗಲಿಯ ಬಿಸಿಲು ಒಮ್ಮೆಲೇ ಹೊಡೆದಾಗ ಅಂಥ ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಅಕ್ಕ ನನ್ನ ತೊಡೆ ಚಿವುಟಿದಳು. “ನಾಚಿಗೆ ನೋಡೇ ಅದರದ್ದು!”

ಕೈ ತೊಳೆಯಲು ಹಿತ್ತಿಲಿಗೆ ಹೋದಾಗ ಅಜ್ಜ ತಂಬಿಗೆ ಹಿಡಿದು ಬಂದ. “ಕಾಯಿ ನೆನಪದ್ಯಲ್ಲ ಅಕ್ಕೋರೆ?”

ನನಗೆ ರೇಗಿಹೋಯಿತು. “ಬೇರೆ ಮನೆ ಸಿಗಲಿಲ್ವಾ ನಿಮಗೆ?”

“ಹೊರಗೆ ಕೊಡಿ ಹೇಳಿದೋರು ನೀವೇ. ನಿಮ್ಮ ಮನೆ ಹೇಳಿ ಗುತ್ತಾದ ಮೇಲೆ ನನಗೆ ಧೈರ್ಯ ಬಂತು. ನೀವಿದ್ದಲ್ಲಿ ಅದ್ಕೆ ಕಷ್ಟ ಆಗೂದಿಲ್ಲ.” ಅವನು ನನ್ನ ಕೈಗೆ ನೀರು ಹಾಕಿದ. ಅವನ ಕಣ್ಣು ಒದ್ದೆಯಾಗಿತ್ತು. ದುಷ್ಟನಾಗಿದ್ದರೆ ನನಗೆಷ್ಟು ಸುಲಭವಾಗುತ್ತಿತ್ತು!

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ಈ ಮದುವೆಯಲ್ಲಿ ಯಾರೂ ಒಂದು ಸುಳ್ಳನ್ನೂ ಹೇಳಲಿಲ್ಲ. ಹಗಲು ಮುಹೂರ್ತ, ಹಗಲು ಊಟ. ನಾನು ಮದುಮಗನ ಮುಖವನ್ನೇ ನೋಡುತ್ತಿದ್ದೆ. ಅವನಿಗೆ ಗೊತ್ತೋ ಇಲ್ಲವೋ? ಅವನು ಎಂದಿನ ಹಾಗೆ ಮಾತಿಲ್ಲದೆ ಬೆವರುತ್ತಿದ್ದ. ಮದುವಣಗಿತ್ತಿಯನ್ನು ಕರೆದುಕೊಂಡು ಕದ್ವಾಡಕ್ಕೆ ಬರುವಷ್ಟರಲ್ಲಿ ಹೊತ್ತು ಮುಳುಗಿತ್ತು. ಅಂಗಳದಲ್ಲಿ ಹೆಂಗಸರು ಆರತಿ ಹಿಡಿದು ನಿಂತಿದ್ದರು, ಚಪ್ಪರದ ಬಣ್ಣದ ದೀಪಗಳು ಮಿನುಗುತ್ತಿದ್ದವು, ಅವಳಿಗೆ ಅದಕ್ಕಿಂತ ಕೆಟ್ಟ ಬೆಳಕಿಲ್ಲ. ಆಗ ಅವನು ಅವಳ ಮೊಣಕೈ ಹಿಡಿದ. ಬಾಗಿ ಮೆಲ್ಲಗೆ, “ಇಲ್ಲಿ ಮೆಟ್ಲು. ಇನ್ನೊಂದು. ಈಗ ಹೊಸ್ತಿಲು,” ಎಂದ. ಹೆಂಗಸರು ಕೇಕೆ ಹಾಕಿ ನಕ್ಕರು. “ಈಗ್ಲೇ ಕೈ ಬಿಡೂದಿಲ್ಲ ಇಂವ!”

ಹೇಳಿದ್ದಾಳೆ. ಅವನಿಗೆ ಗೊತ್ತಿದೆ. ನಾನು ಹಿತ್ತಿಲ ಬಾವಿಕಟ್ಟೆಯ ಹತ್ತಿರ ಹೋಗಿ ಸೆರಗು ಬಾಯಿಗೆ ಒತ್ತಿ ಅತ್ತೆ. ಎದೆಯ ಮೇಲಿನ ಕಲ್ಲು ಅರ್ಧ ಇಳಿಯಿತು. ಮಾರನೆಯ ದಿನ ಅವನು ನನ್ನ ಹತ್ತಿರ ಬಂದು, “ಮಾವಶಿ, ಅಮ್ಮನ ಹತ್ರ ನಾವೇ ಹೇಳ್ತೇವು, ಸ್ವಲ್ಪ ದಿನ ಹೋಗ್ಲಿ,” ಎಂದಾಗ ಆ ಅರ್ಧ ಕಲ್ಲು ಮತ್ತೆ ಏರಿ ಕೂತಿತು. ಈಗ ನನ್ನ ಬಾಯಿಗೆ ಎರಡು ಬೀಗ.

ಅವರು ಹೇಳಲಿಲ್ಲ. ಹೊಸ ಸೊಸೆ ಚೂಟಿ, ಹಗಲಲ್ಲಿ ಎಲ್ಲ ಕೆಲಸ ಮುಗಿಸಿ ಸಂಜೆ ದೀಪ ಹಚ್ಚಿದ ಮೇಲೆ ಒಳಗೆ ಕೂರುತ್ತಾಳೆ ಎಂದು ಅಕ್ಕ ಪ್ರತಿ ಭಾನುವಾರ ನನ್ನ ಮುಂದೆ ಕೊಚ್ಚಿಕೊಳ್ಳುತ್ತಿದ್ದಳು. ನಾನು ಹೂಂ ಎನ್ನುತ್ತಿದ್ದೆ. ಮಳೆಗಾಲ ಬಂತು. ಒಂದು ಸಂಜೆ ಕರೆಂಟು ಹೋಗಿ, ಕೊಟ್ಟಿಗೆಯಲ್ಲಿ ಕರು ಕೂಗುತ್ತಿದೆ ನೋಡು ಎಂದು ಅಕ್ಕ ಹೇಳಿದಳಂತೆ. ಸೊಸೆ ಹಿಂಬಾಗಿಲಿನಿಂದ ಕಾಲಿಟ್ಟವಳು ಮೆಟ್ಟಿಲು ಸಿಗದೆ ಕಲ್ಲಿನ ಮೇಲೆ ಬಿದ್ದಳು. ಅಕ್ಕ ಬ್ಯಾಟರಿ ಹಿಡಿದು ಓಡಿಬಂದರೆ, ಮೂರು ಮಾರು ದೂರದಲ್ಲಿ ನಿಂತ ತನ್ನನ್ನು ಬಿಟ್ಟು ಅವಳು ಬೇರೆಲ್ಲೋ ನೋಡುತ್ತ “ಅತ್ತೇ, ಎಲ್ಲಿದ್ರಿ?” ಎಂದು ಕೇಳುತ್ತಿದ್ದಳು.

ಮಾರನೆಯ ಬೆಳಿಗ್ಗೆ ಹಣೆಗೆ ಪಟ್ಟಿ ಕಟ್ಟಿದ ಸೊಸೆಯನ್ನು ಕರೆದುಕೊಂಡು ಅಕ್ಕ ಆಸ್ಪತ್ರೆಗೆ ಬಂದಳು. ಸಾಲಿನಲ್ಲಿ ಕಾದು, ಚೀಟಿ ಮಾಡಿಸಿ, ನನ್ನ ಕೋಣೆಗೆ ಬಂದಳು. “ಇದರ ಕಣ್ಣು ನೋಡು,” ಎಂದಳು. ನಾನು ನೋಡಿದೆ. ನನಗೆ ಬಾಯಿಪಾಠವಾಗಿದ್ದ ಕಣ್ಣುಗಳನ್ನು ಯಂತ್ರದ ಮುಂದೆ ಕೂರಿಸಿ, ಹನಿ ಹಾಕಿ, ಮೊದಲ ಸಲ ನೋಡುವವಳ ಹಾಗೆ ನೋಡಿದೆ. ಕತ್ತಲೆ ಕೋಣೆಯಲ್ಲಿ ಅಕ್ಕನ ಉಸಿರು ಹಿಂದೆ ಕೇಳುತ್ತಿತ್ತು.

“ಹೇಳಬಹುದಾ?” ಎಂದು ಹುಡುಗಿಯನ್ನು ಕೇಳಿದೆ. “ಹೇಳಿ. ಅತ್ತೆ ಕೇಳ್ಲಿ,” ಎಂದಳು. ರೋಗದ ಹೆಸರು, ಅದರ ದಾರಿ, ಮದ್ದಿಲ್ಲದ್ದು, ಮಕ್ಕಳಿಗೆ ಬರುವ ಸಂಭವ ಬಹಳ ಕಡಿಮೆ ಎಂಬುದು, ಎಲ್ಲವನ್ನೂ ಹೇಳಿದೆ. ಅಕ್ಕ ಕೊನೆಯವರೆಗೆ ಕೇಳಿ ಎದ್ದಳು. ಸೊಸೆಯನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಬಂದು ಬಾಗಿಲು ಹಾಕಿದಳು.

“ನಿನಗೆ ಗುತ್ತಿತ್ತಾ?”

ಹೌದೆಂದರೆ, ಆ ಹುಡುಗಿ ಹಿಂದೆ ನನ್ನ ಹತ್ತಿರ ಬಂದಿದ್ದಳು ಎಂದಾಗುತ್ತದೆ, ಊರೇ ಬಂದಿತ್ತು ಎಂದಾಗುತ್ತದೆ. ಇಂದು ಕಂಡದ್ದನ್ನು ಹೇಳಲು ಅವಳು ಒಪ್ಪಿದ್ದಳು, ಹಿಂದಿನದನ್ನಲ್ಲ. “ಆ ಊರಿನ ಯಾರ ಕಣ್ಣಿನ ವಿಷಯವನ್ನೂ ನಾನು ಮಾತಾಡೂದಿಲ್ಲ ಅಕ್ಕ,” ಎಂದೆ. “ನಿನ್ನ ವಿಷಯವನ್ನ ಬೇರೆಯವರ ಹತ್ತಿರ ನಾನು ಯಾವತ್ತಾದರೂ ಆಡಿದ್ದೇನಾ?”

ಅಕ್ಕ ನನ್ನನ್ನು ನೋಡಿದಳು. “ನಾ ಬೇರೆಯೋಳಾ?” ಎಂದಳು. ಕೊಡೆ ತೆಗೆದುಕೊಂಡು ಹೋದಳು. ಆಮೇಲೆ ಅವಳು ಭಾನುವಾರ ಬರಲಿಲ್ಲ. ಸಂತೆಗೆ ಬರುತ್ತಾಳೆ, ನನಗೆ ಗೊತ್ತು. ಒಮ್ಮೆ ತರಕಾರಿ ಸಾಲಿನಲ್ಲಿ ಅವಳ ಬೆನ್ನು ಕಂಡೆ. ಕರೆದು ಏನು ಹೇಳಲಿ ಎಂದು ತಿಳಿಯದೆ ಬೇರೆ ಸಾಲಿಗೆ ತಿರುಗಿದೆ.

ನಾನು ತಪ್ಪು ಮಾಡಿಲ್ಲ. ಇದೇ ನನ್ನ ಸಂಕಟ. ಮಾಡಿದ್ದರೆ ಕದ್ವಾಡಕ್ಕೆ ಹೋಗಿ ಅವಳ ಕಾಲ ಹತ್ತಿರ ಕೂತು ಕ್ಷಮೆ ಕೇಳಬಹುದಿತ್ತು, ಅವಳು ನಾಲ್ಕು ಬೈದು ಊಟ ಹಾಕುತ್ತಿದ್ದಳು. ರೋಗಿಯ ಗುಟ್ಟು ಕಾಯಬೇಕು ಎಂದು ಕಿರಿಯ ಡಾಕ್ಟರುಗಳಿಗೆ ಪಾಠ ಹೇಳುತ್ತೇನೆ. ಅವರು ಬರೆದುಕೊಳ್ಳುತ್ತಾರೆ. ಕಾದರೆ ಏನಾಗುತ್ತದೆ ಎಂದು ಯಾರೂ ಕೇಳುವುದಿಲ್ಲ. ಮತ್ತೊಮ್ಮೆ ಅದೇ ಭಾನುವಾರ ಬಂದರೂ ನಾನು ಅದೇ ಮಾತು ಹೇಳುತ್ತೇನೆ, ಮತ್ತೊಮ್ಮೆ ಅಕ್ಕನನ್ನು ಕಳೆದುಕೊಳ್ಳುತ್ತೇನೆ. ಇದು ಬಾಗಿಲೇ ಇಲ್ಲದ ಕೋಣೆ.

ಈ ವರ್ಷದ ಅಳತೆಗೆ ಹುಡುಗಿ ಕದ್ವಾಡದಿಂದ ಬೆಳಗಿನ ಬಸ್ಸಿಗೆ ಬಂದಳು. ನನ್ನನ್ನು ಈಗ ಸಣ್ಣತ್ತೆ ಎನ್ನುತ್ತಾಳೆ. ಮನೆಯ ಮೆಟ್ಟಿಲುಗಳ ಅಂಚಿಗೆಲ್ಲ ಅಕ್ಕ ಸುಣ್ಣ ಬಳಿದಿದ್ದಾಳಂತೆ, ಹಿಂಬಾಗಿಲಿನಿಂದ ಬಚ್ಚಲಿಗೆ ಹಿಡಿದು ಹೋಗಲು ಹಗ್ಗ ಕಟ್ಟಿದ್ದಾಳಂತೆ. ಬಾಗಿಲು ಅರ್ಧ ತೆರೆದಿಟ್ಟರೆ, ಸೊಸೆಯ ಹಣೆಗೆ ಬಡಿದೀತೆಂದು, ಮಗನಿಗೆ ಬೈಗುಳವಂತೆ. “ನನ್ನ ಮೇಲೆ ಸಿಟ್ಟಿಲ್ಲ. ನಿಮ್ಮ ಮೇಲೇ,” ಎಂದಳು. ನನ್ನ ಪರವಾಗಿ ಅವಳು ಎಷ್ಟೋ ಸಲ ಮಾತೆತ್ತಿದ್ದಳಂತೆ. ಅಕ್ಕ ಒಮ್ಮೆ ಮಾತ್ರ ಉತ್ತರ ಕೊಟ್ಟಳಂತೆ. “ಮೊದ್ಲೇ ಹೇಳಿದ್ರೆ ನಾ ನಿನ್ನ ಬ್ಯಾಡ ಹೇಳ್ತಿದ್ದೆ, ಹೌದು. ಆದ್ರೆ ಬ್ಯಾಡ ಹೇಳೂ ಹಕ್ಕು ನಂದಿತ್ತು. ಅದ್ನ ಅವಳು ಇಟ್ಕಂಡ್ಲು.”

ನಾನು ಹುಡುಗಿಯ ಬದಿಗಣ್ಣಿನ ನೋಟದ ಪರೀಕ್ಷೆ ಮಾಡಿದೆ. ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಬೇಕು. ಯಂತ್ರ ಚುಕ್ಕೆ ತೋರಿಸುತ್ತಲೇ ಇತ್ತು, ಅವಳು ಒತ್ತದೆ ಸುಮ್ಮನೆ ಕಾಯುತ್ತಿದ್ದಳು. ಹೋದ ವರ್ಷಕ್ಕಿಂತ ನೋಟ ಬೇಗ ಬೇಗ ಕುಗ್ಗಿದೆ. ಹೇಳಿದೆ. ಅವಳು ತಲೆಯಾಡಿಸಿದಳು. ಆಮೇಲೆ, “ಸಣ್ಣತ್ತೆ, ಎಲ್ಲ ಬರೀರಿ,” ಎಂದಳು. “ಊರಿನ ಹೆಸರು ಬ್ಯಾಡ, ಯಾರ ಹೆಸರೂ ಬ್ಯಾಡ. ಅಜ್ಜನ ಕೇಳ್ದೆ, ಅವ್ರು ದೇವರ ಕೇಳ್ದ್ರು. ಬಲದ್ದೇ ಬಿತ್ತು. ನಾ ನಿಮ್ಮ ಹತ್ರ ಮೊದ್ಲೇ ಬಂದಿದ್ದೆ ಹೇಳೂದೂ ಬರೀರಿ. ನಾ ಬಾಯಲ್ಲಿ ಹೇಳಿದ್ರೆ ನಿಮ್ಮ ಮುಖ ನೋಡಿ ಹೇಳ್ತೆ ಅಂತಾರೆ ಅತ್ತೆ. ನೀವು ಬರೆದದ್ದನ್ನ ಹಗಲಲ್ಲಿ ಜಗಲಿ ಮೇಲೆ ಕೂತು ಅತ್ತೆಗೆ ನಾನೇ ಓದ್ತೆ. ಬೇಗ ಬರೀರಿ, ಅಕ್ಷರ ಕಾಣೂತನಕ.”

ಅಕ್ಕಾ, ಇದನ್ನು ಓದುತ್ತಿರುವುದು ನಿನ್ನ ಸೊಸೆ. ಅಂದು ನೀನು ಬಾಗಿಲು ಹಾಕಿ ಕೇಳಿದ್ದಕ್ಕೆ ಉತ್ತರ ಕೊಡಲು ಈಗ ಅಪ್ಪಣೆ ಸಿಕ್ಕಿದೆ. ಹೌದು, ನನಗೆ ಗೊತ್ತಿತ್ತು. ಅವಳಿಗೆ ಒಂದು ಲೋಟ ನೀರು ಕೊಡು, ಇಷ್ಟುದ್ದ ಓದಿ ಕಣ್ಣು ದಣಿದಿರುತ್ತದೆ. ಭಾನುವಾರ ನಾನು ಮನೆಯಲ್ಲೇ ಇರುತ್ತೇನೆ.